ಗುಡ್ಡದ ಹೊಲಕ್ಕೆ ಹನ್ನೆರಡು ಅಡಿ ದಾರಿ

ಹನ್ನೆರಡು ಅಡಿ ಅಗಲದ ಒಂದು ದಾರಿಗೆ ನಾನು ಕೊಟ್ಟದ್ದು ಮೂರು ವರ್ಷ, ಅರವತ್ತೆರಡು ಕುರಿ, ಮತ್ತು ನಮ್ಮಪ್ಪ ಕಲಿಸಿದ್ದ ಒಂದು ಒಳ್ಳೆಯ ರೂಢಿ. ವಕೀಲರ ಫೀಜು, ಬಸ್ಸಿನ ಖರ್ಚು ಬೇರೆ. ಅವನ್ನು ನಾನು ಹಿಡಿಯುವುದಿಲ್ಲ. ಇಷ್ಟು ಹೋದದ್ದು ಕಳವು ಮಾಡಿದ್ದಕ್ಕಲ್ಲ, ಸುಳ್ಳು ಹೇಳಿದ್ದಕ್ಕೂ ಅಲ್ಲ. ಕೇಳದೆ ನಡೆಯಬೇಕಾದ ದಾರಿಯಲ್ಲಿ ಕೇಳಿ ನಡೆದದ್ದಕ್ಕೆ.

ಎಪ್ಪತ್ತರ ದಶಕದ ನಡುವೆ ನಾನು ಕುರಿ ವ್ಯಾಪಾರದಲ್ಲಿ ಕಾಲೂರಿದ್ದೆ. ದೇವದುರ್ಗದ ಕಡೆ, ಅರಕೇರಾ ಸುತ್ತಲಿನ ಹಟ್ಟಿಗಳಲ್ಲಿ ಬಡಕಲು ಕುರಿ ಕೊಂಡು, ಹದಿನೈದು ದಿನ ಮೇಯಿಸಿ, ನೀರು ಕುಡಿಸಿ, ಮೈ ತುಂಬಿದ ಮೇಲೆ ರಾಯಚೂರಿನ ಸಂತೆಗೆ ಹೊಡೆದುಕೊಂಡು ಹೋಗುವುದು ನನ್ನ ಕಸುಬು. ಆ ಹದಿನೈದು ದಿನ ಹಿಂಡನ್ನು ನಿಲ್ಲಿಸಲು ಸ್ವಂತ ನೆಲ ಬೇಕಿತ್ತು. ಮಾನ್ವಿ ತಾಲೂಕಿನ ಕಲ್ಲೂರಿನ ಆಚೆ ಗುಡ್ಡದ ಬುಡದಲ್ಲಿ ಆರು ಎಕರೆ ಕಲ್ಲುನೆಲ ಸಿಕ್ಕಿತು. ಮಾರಿದ ಮುದುಕ ಊರು ಬಿಟ್ಟು ದೇವದುರ್ಗದಲ್ಲಿ ಮಗಳ ಮನೆ ಸೇರುವ ಅವಸರದಲ್ಲಿದ್ದ. ಅವಸರದವನ ಹತ್ತಿರ ಹೇಗೆ ಚೌಕಾಶಿ ಮಾಡಬೇಕೆಂದು ನನಗೆ ಯಾರೂ ಕಲಿಸಬೇಕಿರಲಿಲ್ಲ. ಸಂತೆಯ ಪದ್ಧತಿಯಂತೆ ಟವಲಿನ ಕೆಳಗೆ ಅವನ ಬೆರಳು ಹಿಡಿದು ಹೇಳಿದ ದರದ ಮುಕ್ಕಾಲಿಗೆ ಇಳಿಸಿದೆ.

ಆ ಹೊಲದ ಮೂರು ಕಡೆ ಗುಡ್ಡ, ಕುದುರೆಯ ಲಾಳದ ಹಾಗೆ. ಬಾಯಿ ತೆರೆದಿದ್ದುದು ಮೂಡಣಕ್ಕೆ ಮಾತ್ರ. ಮೂಡಣಕ್ಕೆ ಊರ ಗೌಡರ ಹೊಲ, ಅದರಾಚೆ ರಸ್ತೆ, ರಸ್ತೆಯಾಚೆ ಹಳ್ಳ. ಗೌಡರ ಹೊಲದ ನಟ್ಟನಡುವೆ ಬಂಡಿ ಹಾಯ್ದು ಹಾಯ್ದು ತಗ್ಗಾದ ದಾರಿ ಇತ್ತು. ನಾನು ಅದನ್ನು ಕಣ್ಣಲ್ಲಿ ನೋಡಿದೆ, ಕಾಲಲ್ಲಿ ನಡೆದೆ, ಖರೀದಿ ಪತ್ರದಲ್ಲಿ ಮಾತ್ರ ಹುಡುಕಲಿಲ್ಲ. ಪತ್ರದಲ್ಲಿ ದಾರಿಯ ಮಾತೇ ಇರಲಿಲ್ಲ.

ಮೊದಲ ಹಿಂಡು ತಂದ ದಿನ, ನಮ್ಮವರು ಮಾಡುವಂತೆಯೇ ಮಾಡಿದೆ. ತೆಂಗಿನಕಾಯಿ ಹಿಡಿದುಕೊಂಡು ಗೌಡರ ಮನೆಗೆ ಹೋಗಿ, ‘ನಿಮ್ಮ ಹೊಲದಾಗ ಹಾದು ಹೋಗ್ತೀವ್ರಿ’ ಎಂದೆ. ‘ಹಾಯ್ಕೊಳ್ಳಪ್ಪ’ ಎಂದರು. ಹಾಯಲು ಬಿಟ್ಟವನ ಹೊಲಕ್ಕೆ ಗೊಬ್ಬರ ಕೊಡಬೇಕು ಎಂಬುದು ನಮ್ಮಪ್ಪನ ಮಾತು. ಹಾಗಾಗಿ ಸುಗ್ಗಿ ಮುಗಿದ ಮೇಲೆ ಒಂದು ರಾತ್ರಿ ಇಡೀ ಹಿಂಡನ್ನು ಅವರ ಹೊಲದಲ್ಲಿ ತರುಬಿದೆ. ಬೆಳಗಾಗುವುದರಲ್ಲಿ ನೆಲದ ತುಂಬ ಹಿಕ್ಕೆ. ಬೇರೆಯವರಾದರೆ ಕುರಿ ತರುಬಿದ್ದಕ್ಕೆ ಜೋಳ ಅಳೆಸಿಕೊಳ್ಳುತ್ತಿದ್ದರು. ನಾನು ಬಿಟ್ಟಿ ಕೊಟ್ಟೆ. ನಾಲ್ಕು ವರ್ಷ ಹೀಗೇ ನಡೆಯಿತು. ನಾನೊಬ್ಬ ಮರ್ಯಾದಸ್ಥ ನೆರೆಯವನೆಂದು ನನಗೇ ಹೆಮ್ಮೆ.

ಐದನೆಯ ವರ್ಷ ಗೌಡರ ಹೊಲಕ್ಕೆ ಕಾಲುವೆಯ ನೀರು ಬಂತು. ಜೋಳದ ಹೊಲ ನೆಲ್ಲಿನ ಗದ್ದೆಯಾಗಬೇಕಾದರೆ ನೆಲ ಮಟ್ಟಸವಾಗಬೇಕು, ನಡುವೆ ದಾರಿ ಇರಬಾರದು. ಮಿರ್ಗದ ಮಳೆ ಕೂಡುವ ಹೊತ್ತಿಗೆ ಒಂದು ಬೆಳಿಗ್ಗೆ ಹಿಂಡನ್ನು ನೀರಿಗೆ ಹೊಡೆದಾಗ ದಾರಿಯ ಬಾಯಿಗೆ ಎದೆಮಟ್ಟದ ಒಡ್ಡು, ಒಡ್ಡಿನ ಮೇಲೆ ಜಾಲಿಮುಳ್ಳು. ಗೌಡರು ಆಚೆ ನಿಂತಿದ್ದರು.

‘ಏನ್ರೀ ಗೌಡ್ರ ಇದು? ಕುರಿ ನೀರಿಗೆ ಹೋಗಬೇಕಲ್ರಿ.’

‘ಹೋಗಲಿ. ಯಾರು ಬ್ಯಾಡಂದ್ರು? ನನ್ನ ಹೊಲ ಬಿಟ್ಟು ಹೋಗಲಿ.’

‘ಬ್ಯಾರೆ ದಾರಿ ಎಲ್ಲದ್ರೀ? ಮೂರೂ ಕಡಿ ಗುಡ್ಡ.’

‘ಅದು ನೀ ಹೊಲ ಕೊಳ್ಳೋವಾಗ ನೋಡಬೇಕಿತ್ತು. ಇಷ್ಟ್ ದಿನ ಕೇಳ್ತಿದ್ದಿ, ಹೂಂ ಅಂತಿದ್ನಿ. ಈಗ ಕೇಳು, ಇಲ್ಲ ಅಂತೀನಿ. ಆತಿಲ್ಲೋ?’

ಒಳಗೆ ನೂರ ನಲವತ್ತು ಕುರಿ ಇದ್ದವು. ಆ ನೆಲದಲ್ಲಿ ಬಾವಿ ಇರಲಿಲ್ಲ. ಮಳೆನೀರು ನಿಲ್ಲುವ ಒಂದು ಕಲ್ಲುಗುಂಡಿ ಇತ್ತು, ಅದೂ ಪಾಚಿ. ಗುಡ್ಡದ ಮೇಲಿಂದ ಇಳಿಸೋಣವೆಂದು ಹೊಡೆದೆವು. ಆಡಾದರೆ ಹತ್ತುತ್ತದೆ, ಉಣ್ಣೆ ಹೊತ್ತ ಕುರಿಗೆ ಆ ಬಂಡೆ ಆಗುವುದಿಲ್ಲ. ಮೊದಲ ದಿನವೇ ಎರಡಕ್ಕೆ ಕಾಲು ಮುರಿಯಿತು. ಆಮೇಲೆ ನನ್ನ ಹೆಂಡತಿ ಮತ್ತು ಕೂಲಿಗೆ ಬಂದ ಮೂವರು ಹೆಂಗಸರು ಗುಡ್ಡ ದಾಟಿ ಕೊಡದಲ್ಲಿ ನೀರು ಹೊತ್ತರು. ನೂರ ನಲವತ್ತು ಬಾಯಿಗೆ ನಾಲ್ಕು ಕೊಡ. ಬಾಯಾರಿದ ಕುರಿ ಪಾಚಿನೀರಿಗೆ ಬಾಯಿ ಹಾಕಿತು, ಭೇದಿ ಶುರುವಾಯಿತು. ಸತ್ತವು ಕೆಲವು, ಸಾಯುವ ಮುಂಚೆ ಕಟುಕರಿಗೆ ಕೇಳಿದ ರೇಟಿಗೆ ಕೊಟ್ಟವು ಹಲವು. ಅವೇ ಆ ಅರವತ್ತೆರಡು. ಉಳಿದವನ್ನು ಕೂಲಿಯವರ ಹೆಗಲ ಮೇಲೆ ಒಂದೊಂದಾಗಿ ಗುಡ್ಡ ದಾಟಿಸಿ ಹೊಲ ಖಾಲಿ ಬಿಟ್ಟೆ.

‘ಹೊಲ ಕೊಂಡೀಯೋ, ಬಂದೀಖಾನಿ ಕೊಂಡೀಯೋ?’ ಎಂದಳು ಹೆಂಡತಿ, ಕೊಡ ಕುಕ್ಕಿ.

ದಾರಿ ಇಲ್ಲದ ನೆಲಕ್ಕೆ ಪ್ರಪಂಚದಲ್ಲಿ ಒಬ್ಬನೇ ಗಿರಾಕಿ: ದಾರಿ ಮುಚ್ಚಿದವನು. ಪಂಚರನ್ನು ಸೇರಿಸಿದಾಗ ಅದು ಬಾಯಿಬಿಟ್ಟೇ ಬಂತು.

‘ಅವಗ ತ್ರಾಸ ಆದ್ರ ಹೊಲ ನನಗ ಕೊಟ್ಟು ಹೋಗಲಿ,’ ಎಂದರು ಗೌಡರು. ‘ಕೊಂಡ ರೇಟಿನ ಅರ್ಧ ಕೊಡ್ತೀನಿ. ಕಲ್ಲಿಗೆ ಅಷ್ಟು ಯಾರು ಕೊಡ್ತಾರ?’

ಪಂಚರು ಮೀಸೆಯಲ್ಲೇ ನಕ್ಕರು. ನನಗೆ ಆಗ ತಿಳಿಯಿತು, ಇದು ನೆಲ್ಲಿನ ಜಗಳವಷ್ಟೇ ಅಲ್ಲ, ಆರು ಎಕರೆಯ ಜಗಳ.

ಮಾನ್ವಿಯ ತಹಸೀಲ ಕಚೇರಿಗೆ ಹೋಗಿ ಊರ ನಕ್ಷೆಯ ನಕಲು ತೆಗೆಸಿದೆ. ಗುಮಾಸ್ತ ಬೆರಳಿಟ್ಟು ತೋರಿಸಿದ: ‘ಎರಡು ಚುಕ್ಕಿ ಸಾಲು ಇದ್ರ ಬಂಡಿ ದಾರಿ. ನಿನ್ನ ನಂಬರಿಗೆ ಚುಕ್ಕಿನೇ ಇಲ್ಲ. ನಕ್ಷಾದಾಗ ಇಲ್ಲದ್ದು ನಮ್ಮ ಕಡಿ ಕೇಳಬ್ಯಾಡ.’ ಪೊಲೀಸರು ‘ಇದು ದಿವಾಣಿ ಮಾತು, ಕೋರ್ಟಿಗೆ ಹೋಗು’ ಎಂದರು. ರಾಯಚೂರಿಗೆ ಹೋಗಿ ವಕೀಲರನ್ನು ಹಿಡಿದೆ.

ವಕೀಲರು ಕೇಳಿದ್ದು ಒಂದೇ ಪ್ರಶ್ನೆ: ‘ಆ ದಾರಿಯಲ್ಲಿ ಎಷ್ಟು ವರ್ಷದಿಂದ ನಡೆದಾರ?’

‘ನಾಕು ವರ್ಷ ನಾ. ನನಗ ಮಾರಿದ ಮುದುಕ ಮೂವತ್ತು ವರ್ಷಕ್ಕೂ ಮ್ಯಾಲ.’

‘ಹಂಗಾದ್ರ ಚಿಂತಿಲ್ಲ. ಇಪ್ಪತ್ತು ವರ್ಷ ಎಡೆಬಿಡದೆ ಬಹಿರಂಗವಾಗಿ ನಡೆದ ದಾರಿ ಹಕ್ಕಾಗ್ತದ. ಮುದುಕನ ವರ್ಷ ನಿಮಗೂ ಕೂಡ್ತಾವ.’

ದಾವೆ ಹೂಡಿದೆವು. ಮಧ್ಯಂತರವಾಗಿ ಮುಳ್ಳು ತೆಗೆಸಬೇಕೆಂದು ಅರ್ಜಿ ಕೊಟ್ಟರೆ, ಯಥಾಸ್ಥಿತಿ ಕಾಯ್ದುಕೊಳ್ಳಿರೆಂದು ಆಜ್ಞೆ ಬಂತು. ಯಥಾಸ್ಥಿತಿ ಎಂದರೆ ಇದ್ದದ್ದು ಇದ್ದ ಹಾಗೆ. ಆಗ ಇದ್ದದ್ದು ಮುಳ್ಳು. ನೀವು ಎಂದಾದರೂ ಕೋರ್ಟಿಗೆ ಹೋಗುವುದಿದ್ದರೆ ಮುಳ್ಳು ಬೀಳುವ ಮುಂಚೆ ಹೋಗಿ. ಬಿದ್ದ ಮೇಲೆ ಹೋದರೆ ಕೋರ್ಟು ಮೊದಲು ಮುಳ್ಳನ್ನೇ ಕಾಯುತ್ತದೆ.

ವಾಯಿದೆಯ ಮೇಲೆ ವಾಯಿದೆ. ವರ್ಷ ಉರುಳಿ ಇನ್ನೊಂದು ವರ್ಷ ಅರ್ಧವಾದಾಗ ನನ್ನನ್ನು ಸಾಕ್ಷಿಯ ಕಟ್ಟೆಗೆ ಕರೆದರು. ಗೌಡರ ವಕೀಲ ಪಾಟೀಸವಾಲಿಗೆ ಎದ್ದ. ದನಿ ಬಹಳ ಮೆತ್ತಗಿತ್ತು.

‘ಮೊದಲನೇ ಸಲ ಹಿಂಡು ಹೊಡೆಯೋ ಮುಂಚೆ ಗೌಡರ ಮನೆಗೆ ಹೋಗಿದ್ರೇನು?’

‘ಹೋಗಿದ್ನಿರೀ. ತೆಂಗಿನಕಾಯಿ ತಗೊಂಡು.’

‘ಯಾಕೆ?’

‘ಕೇಳಾಕ. ಕೇಳದೇ ಮಂದಿ ಹೊಲದಾಗ ನುಗ್ಗಾಕ ನಾವೇನು ಕಳ್ಳರೇನ್ರೀ?’

‘ಛೇ ಛೇ, ನೀವು ಸಂಭಾವಿತರು. ಪ್ರತಿ ವರ್ಷ ಅವರ ಹೊಲದಲ್ಲಿ ಕುರಿ ತರುಬಿ ಕೊಟ್ಟೀರಿ, ಹೌದಲ್ಲೋ?’

‘ಹೌದ್ರೀ. ಒಂದು ಕಾಳು ತಗೊಂಡಿಲ್ಲ.’

‘ಹಾಯಾಕ ಬಿಟ್ಟಿದ್ದಕ್ಕೇ?’

‘ಮತ್ತ? ಅದಕ್ಕೇ.’

ಅವನು ಕಾಗದ ಮಡಚಿ ಕೂತುಬಿಟ್ಟ. ನಾನು ಗೆದ್ದೆನೆಂದು ಇಳಿದೆ. ಹೊರಗೆ ಬಂದಾಗ ನಮ್ಮ ವಕೀಲರು ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದರು.

‘ಸಂತ್ಯಾಗ ಇಷ್ಟು ವ್ಯಾಪಾರ ಮಾಡ್ತೀರಿ, ಇಲ್ಲಿ ಬಂದು ಎಲ್ಲಾ ಬಿಟ್ಟಿ ಹಂಚಿಬಿಟ್ರಲ್ಲ! ಕೇಳಿ ನಡೆದದ್ದು ಹಕ್ಕಲ್ಲ, ದಯೆ. ಕೊಟ್ಟವನು ಯಾವಾಗ ಬೇಕಾದ್ರೂ ಹಿಂದಕ್ಕ ತಗೋತಾನ. ದಾವೆ ಹೂಡೋತನಕ ಇಪ್ಪತ್ತು ವರ್ಷ ಹಕ್ಕಿನಿಂದ ನಡೆದಿರಬೇಕು. ಕೊನೇ ನಾಲ್ಕು ವರ್ಷ ನೀವೇ ದಯೆ ಅಂತ ಒಪ್ಪಿದ್ರಿ. ಮೇಲೆ ಹಿಕ್ಕೀನ ಬಾಡಿಗಿ ಅಂತ ಬ್ಯಾರೆ ಕೊಟ್ಟೀರಿ.’

ಹೊರಗಿನ ಮರದ ಕಟ್ಟೆಯ ಮೇಲೆ ಕೂತಿದ್ದ ಗೌಡರು ನನಗೆ ಕೇಳುವಂತೆ ಯಾರಿಗೋ ಹೇಳಿದರು: ‘ಪಾಪ, ಖರೇ ಮಾತಾಡಿದ. ಖರೇ ಮನುಷ್ಯಾನ ಹೊಲಕ್ಕ ಅರ್ಧ ಅಲ್ಲ, ಅರ್ಧಕ್ಕಿಂತ ಎರಡು ರೂಪಾಯಿ ಜಾಸ್ತಿ ಕೊಡೋಣು.’

ವಕೀಲರು ಯೋಚಿಸಿ, ಮುದುಕನೂ ಗೌಡರ ಮನೆಯಲ್ಲಿ ಕೇಳಿಯೇ ನಡೆಯುತ್ತಿದ್ದನೋ ಇಲ್ಲವೋ ವಿಚಾರಿಸಿ ಬನ್ನಿರೆಂದರು. ಮರುದಿನ ದೇವದುರ್ಗದ ಬಸ್ಸು ಹತ್ತಿದೆ.

ಮುದುಕ ಮಗಳ ಮನೆಯ ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದ. ನನ್ನನ್ನು ನೋಡಿಯೂ ನೋಡದವನಂತೆ ಹೊಸೆಯುತ್ತಲೇ ಇದ್ದ. ನಡೆದದ್ದೆಲ್ಲ ಹೇಳಿ ಕೇಳಿದೆ, ‘ಯಪ್ಪಾ, ನೀ ಯಾವಾಗರ ಗೌಡ್ರನ್ನ ಕೇಳಿ ಹಾಯ್ದಿದ್ದೇನು?’

‘ನಾ ಯಾಕ ಕೇಳ್ಲಿ ಲೇ? ಅದು ನಮ್ಮಪ್ಪನ ಹೊಲ!’

‘ಯಾವ್ದು?’

‘ಮುಂದಿಂದೂ ನಮ್ದ, ಹಿಂದಿಂದೂ ನಮ್ದ. ಎಲ್ಲಾ ಒಂದ ಹೊಲ ಇತ್ತು. ನಿಜಾಮನ ಕಾಲದಾಗ ನಮ್ಮಪ್ಪ ಮುಂದಿನ ಪಟ್ಟಿ ಈ ಗೌಡನ ಅಪ್ಪಗ ಮಾರಿದ. ಹಿಂದಿನ ಕಲ್ಲು ಇಟ್ಕೊಂಡ. ದಾರಿ ಇಲ್ಲದ ಇಟ್ಕೊಂತಾನೇನು, ಹುಚ್ಚನ?’

ಅಲ್ಲಿಂದಲೇ ಅಂಚೆ ಕಚೇರಿಗೆ ಹೋಗಿ ವಕೀಲರಿಗೆ ಟ್ರಂಕ್ ಕಾಲ್ ಮಾಡಿದೆ. ಅವರು ‘ಅದನ್ನ ಮೊದಲೇ ಯಾಕ ಹೇಳಲಿಲ್ಲ?’ ಎಂದು ಚೀರಿದರು. ಒಂದೇ ಹೊಲವನ್ನು ಎರಡು ಮಾಡಿ ಒಂದನ್ನು ಮಾರಿದಾಗ, ಉಳಿದದ್ದಕ್ಕೆ ಬೇರೆ ದಾರಿಯೇ ಇಲ್ಲವೆಂದರೆ, ಮಾರಿದ ಹೊಲದ ಮೇಲೆ ದಾರಿಯ ಹಕ್ಕು ಅವತ್ತೇ ಹುಟ್ಟುತ್ತದಂತೆ. ಅದಕ್ಕೆ ಇಪ್ಪತ್ತು ವರ್ಷ ಬೇಡ. ನಾನು ಕೇಳಿದ್ದರೂ, ಕೈಮುಗಿದಿದ್ದರೂ ಅದು ಸಾಯುವುದಿಲ್ಲ. ಬೇರೆ ದಾರಿ ಸಿಕ್ಕಾಗಲಷ್ಟೇ ಸಾಯುತ್ತದೆ. ಆದರೆ ಎರಡೂ ಒಂದೇ ಹೊಲವಾಗಿತ್ತೆಂದು ಕಾಗದ ಬೇಕು, ಮುದುಕನ ಸಾಕ್ಷಿ ಬೇಕು.

ವಾಪಸು ಹೋಗಿ ಕೋರ್ಟಿಗೆ ಬರಬೇಕೆಂದು ಕೇಳಿದೆ. ಮುದುಕ ಹಗ್ಗ ಕೆಳಗಿಟ್ಟ.

‘ಬರಂಗಿಲ್ಲ.’

‘ಒಂದು ಟಗರು ಕೊಡ್ತೀನಿ.’

‘ಟಗರು ಕೊಡ್ತಾನಂತ! ಹೊಲ ಮಾರೋವಾಗ ಏನ್ ಹೇಳಿದ್ನಿ ನಿನಗ? ನಮ್ಮವ್ವನ್ನ ಮಣ್ಣು ಮಾಡಿದ್ದು ಅಲ್ಲೇ ಬೇವಿನ ಗಿಡದ ಬುಡಕ್ಕ. ವರ್ಷಕ್ಕೊಮ್ಮೆ ಮಾನಮಿ ಅಮಾಸಿಗೆ ಎಡಿ ಹಿಡಿಯಾಕ ಬರ್ತೀನಿ ಅಂದ್ನಿ. ಬಾ ಯಪ್ಪಾ, ಯಾರು ಬ್ಯಾಡಂತಾರ ಅಂದಿದ್ದಿ. ಮರುವರ್ಷ ಮೊಮ್ಮಕ್ಕಳನ್ನ ಕರಕೊಂಡು ಬಂದ್ನಿ. ಏನಂದಿ? ನೆನಪದ ಏನು?’

ನೆನಪಿತ್ತು. ಗೋರಿಯ ಚಪ್ಪಡಿಯ ಮೇಲೆ ನಾನು ಉಪ್ಪಿನ ಚೀಲ ಒಟ್ಟಿದ್ದೆ, ಬೇವಿನ ಗಿಡಕ್ಕೆ ಟಗರು ಕಟ್ಟಿದ್ದೆ. ಅವರು ಬಂದ ಗದ್ದಲಕ್ಕೆ ಕುರಿ ಬೆದರಿ ಚೆದುರಿದ್ದವು.

‘ಕೇಳಿ ಬರಬೇಕಿತ್ತು ಅಂದಿ!’ ಮುದುಕನ ದನಿ ಓಣಿಗೆಲ್ಲ ಕೇಳಿತು. ‘ನಮ್ಮವ್ವನ ಹಂತ್ಯಾಕ ಹೋಗಾಕ ನಿನ್ನ ಕೇಳ್ಬೇಕು! ಗೌಡ ನಿನಗ ಅಂದಿದ್ದು, ನೀ ನನಗ ಅಂದಿದ್ದಿ. ಅವಂದು ಒಡ್ಡು, ನಿಂದು ಉಪ್ಪಿನ ಚೀಲ. ಹೋಗ ಹೋಗು.’

‘ಎರಡು ಟಗರು.’

‘ಕಾಗದ ಬೇಕು. ವರ್ಷಕ್ಕೊಮ್ಮೆ ನಾನು, ನನ್ನ ಮಕ್ಕಳು, ಅವರ ಮಕ್ಕಳು ಕೇಳದ ಬರಬೇಕು. ಸುತ್ತ ಹತ್ತು ಹೆಜ್ಜಿ ನೆಲದಾಗ ನೀ ಏನೂ ಇಡಬಾರದು. ಬರೀ ಬಾಂಡ್ ಕಾಗದ ಅಲ್ಲ, ರಜಿಸ್ಟ್ರಿ ಆಗಬೇಕು.’

ನಾನು ಎದ್ದು ಬಸ್‌ಸ್ಟ್ಯಾಂಡಿಗೆ ಬಂದುಬಿಟ್ಟೆ. ವ್ಯಾಪಾರಿಯ ತಲೆ ಹಾಗೆ. ಹೊಲದ ಮೇಲೆ ಇನ್ನೊಬ್ಬನ ಹಕ್ಕು ರಜಿಸ್ಟ್ರಿಯಾದರೆ ಮುಂದೆ ಕೊಳ್ಳುವವನು ಮೂಗು ಮುರಿಯುತ್ತಾನೆ, ಬೆಲೆ ಬೀಳುತ್ತದೆ. ಮುದುಕನ ಹೆಸರಿಗೆ ಸಮನ್ಸು ಕಳಿಸಿದರೆ ಬರಲೇಬೇಕಲ್ಲ ಎಂದೂ ಯೋಚಿಸಿದೆ. ಬರುತ್ತಾನೆ, ಬಂದು ‘ನನಗೇನೂ ನೆನಪಿಲ್ಲ’ ಎನ್ನುತ್ತಾನೆ. ಸಿಟ್ಟಾದ ಸಾಕ್ಷಿ ಎದುರಾಳಿಗಿಂತ ಕೆಟ್ಟವನು. ಎರಡು ಬಸ್ಸು ಬಿಟ್ಟೆ. ಮೂರನೆಯದು ಬಂದಾಗ ಇನ್ನೂ ಒಂದು ಮಾತು ತಲೆಗೆ ಹೋಯಿತು: ಗೌಡರ ಹತ್ತಿರ ನಾನು ಕೇಳುತ್ತಿರುವುದೂ, ಈ ಮುದುಕ ನನ್ನ ಹತ್ತಿರ ಕೇಳುತ್ತಿರುವುದೂ ಒಂದೇ ಪದಾರ್ಥ. ಅದು ನ್ಯಾಯವಾದರೆ ಎರಡೂ ಕಡೆ ನ್ಯಾಯ. ಬಸ್ಸು ಬಿಟ್ಟು ಹಿಂದಕ್ಕೆ ನಡೆದೆ.

ಮಾನ್ವಿಯ ರಜಿಸ್ಟ್ರಿ ಕಚೇರಿಯಲ್ಲಿ ಮುದುಕ ನನ್ನ ಬಾಂಡ್‌ರೈಟರನ್ನು ನಂಬಲಿಲ್ಲ. ಬೇರೆ ಕೆಲಸಕ್ಕೆ ಬಂದಿದ್ದ ಅಪರಿಚಿತ ಮೇಷ್ಟ್ರೊಬ್ಬರನ್ನು ಹಿಡಿದು ಕಾಗದವನ್ನು ಎರಡು ಸಲ ಗಟ್ಟಿಯಾಗಿ ಓದಿಸಿದ. ‘ಕೇಳತಕ್ಕದ್ದಿಲ್ಲ’ ಎಂಬ ಶಬ್ದ ಬಂದಾಗ ನಿಲ್ಲಿಸಿ ಮೂರನೆಯ ಸಲ ಓದಿಸಿದ. ನಾನು ಹೆಬ್ಬೆಟ್ಟಿನವನಲ್ಲ, ಸಹಿ ಮಾಡಬಲ್ಲೆ. ಆದರೂ ಹೆಬ್ಬೆಟ್ಟನ್ನೂ ಒತ್ತಿಸಿಕೊಂಡ. ಅವನಿಂದ ನಾನು ಕಲಿತೆ.

ಇನ್ನು ಕಾಗದ. ಹಳೆಯ ಖರೀದಿ ಪತ್ರ ಇದ್ದದ್ದು ಗೌಡರ ತಿಜೋರಿಯಲ್ಲಿ, ಅವರು ಕೊಡುವುದಿಲ್ಲ. ಆದರೆ ರಜಿಸ್ಟ್ರಿಯಾದ ಪತ್ರಕ್ಕೆ ಸರ್ಕಾರದಲ್ಲಿ ಒಂದು ಪ್ರತಿ ಇರುತ್ತದೆ. ರಾಯಚೂರಿನ ಕಚೇರಿಯಲ್ಲಿ ಶೋಧನೆಯ ಅರ್ಜಿ ಹಾಕಿದೆ. ಮಾರಿದವನ ಹೆಸರು ಹೇಳಿದರೆ ಸಿಗಲಿಲ್ಲ. ಕೊಂಡವನ ಹೆಸರು ಹೇಳಿ ಹುಡುಕಿಸಿದೆ. ಮೂರು ದಿನ ಧೂಳು ಕುಡಿದ ಮೇಲೆ ಒಂದು ದಪ್ಪ ಪುಸ್ತಕದಲ್ಲಿ ಸಿಕ್ಕಿತು, ಎಲ್ಲಾ ಉರ್ದು. ದೃಢೀಕೃತ ನಕಲು ತೆಗೆಸಿ, ಕೋಟೆಯ ಹತ್ತಿರ ಇದ್ದ ನಿವೃತ್ತ ಉರ್ದು ಮೇಷ್ಟ್ರ ಮನೆಗೆ ಒಯ್ದೆ. ಅವರು ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದರು.

‘ಬರೆದವನ ಅಕ್ಷರ ಭಾಳ ಖರಾಬ್ ಐತಿ. ಇರ್ಲಿ. ಚಕ್ಕುಬಂದಿ ಇಲ್ಲೈತಿ ನೋಡ್ರಿ. ಮಶ್ರಿಕ್, ಮೂಡಣಕ್ಕ ರಸ್ತಾ. ಮಗ್ರಿಬ್, ಪಡುವಣಕ್ಕ...’ ಬೆರಳು ನಿಂತಿತು. ‘ಮಾರೋನ ಬಾಕಿ ಜಮೀನು. ಅದರ ಆಚಿ ಗುಡ್ಡ.’

‘ಇನ್ನೊಮ್ಮೆ ಓದ್ರಿ ಸಾಬ್ರ.’

‘ಎಷ್ಟ್ ಸಲ ಓದಿದ್ರೂ ಅದೇ ಐತಪ್ಪಾ. ಮಾರೋನ ಬಾಕಿ ಜಮೀನು.’

ಮಾರುವವನ ಬಾಕಿ ಜಮೀನು. ಆ ಮೂರು ಶಬ್ದದಲ್ಲಿ ನನ್ನ ಆರು ಎಕರೆ ಇತ್ತು.

ದಾವೆಯನ್ನು ತಿದ್ದುಪಡಿ ಮಾಡಲು ಕೋರ್ಟು ಒಪ್ಪಿತು. ಎದುರು ಕಡೆಯವರ ಖರ್ಚು ನಮ್ಮ ತಲೆಗೆ ಹಾಕಿತು. ಮುದುಕ ಬಂದು ಸಾಕ್ಷಿ ಹೇಳಿದ. ಗೌಡರ ವಕೀಲ ಮತ್ತೆ ಮೆತ್ತಗಿನ ದನಿಯಲ್ಲಿ, ‘ಅಜ್ಜಾರ, ನೀವು ಗೌಡರನ್ನ ಎಂದಾದ್ರೂ ಕೇಳಿದ್ರೇನು?’ ಎಂದ.

‘ಅವರಪ್ಪನ್ನ ಕೇಳಿದ್ನಿರೀ.’

ವಕೀಲನ ಮುಖ ಅರಳಿತು. ‘ಏನಂತ ಕೇಳಿದ್ರಿ?’

‘ನಮ್ಮ ದಾರ್ಯಾಗ ನಿಮ್ಮ ಎಮ್ಮಿ ಯಾಕ ಕಟ್ಟೀರಿ, ಬಿಚ್ರಿ ಅಂತ.’

ನ್ಯಾಯಾಧೀಶರೂ ನಗು ತಡೆದು ತಲೆ ತಗ್ಗಿಸಿ ಬರೆಯತೊಡಗಿದರು. ಮಧ್ಯಾಹ್ನ ಊಟದ ಬಿಡುವಿನಲ್ಲಿ ಗೌಡರು ಹೊರಗಿನ ಹುಣಸೆ ಮರದ ಕೆಳಗೆ ನನ್ನ ಮುಂದೆ ಬಂದು ನಿಂತರು. ಹೆಗಲ ಮೇಲಿನ ಟವಲು ತೆಗೆದು ಕೈಮೇಲೆ ಹಾಸಿದರು. ನಾನೂ ಕೈ ಒಳಗಿಟ್ಟೆ.

ಮೊದಲು ಐದೂ ಬೆರಳು ಹಿಂಡಿ ಮೇಲೆ ಒಂದು ಹಿಡಿದರು, ಆರು ಅಡಿ ಅಗಲದ ದಾರಿ. ನಾನು ಕೈ ಕೊಡವಿದೆ. ಎಂಟು. ನಾನು ಅವರ ಐದೂ ಬೆರಳನ್ನು ಎರಡು ಸಲ ಹಿಂಡಿ, ಮೇಲೆ ಎರಡು ಬೆರಳು ಹಿಡಿದೆ. ಹನ್ನೆರಡು.

‘ಗದ್ದಿ ನಡುವ ಕೊಡಂಗಿಲ್ಲ,’ ಎಂದರು ಹಲ್ಲು ಕಚ್ಚಿ. ‘ತೆಂಕಲ ಬದುವಿಗೆ ಹತ್ಕೊಂಡು ತಗೊ.’

ಬದುವಿನ ಗುಂಟ ಹೋದರೆ ಎಂಬತ್ತು ಹೆಜ್ಜೆ ಸುತ್ತು. ತೀರ್ಪಿಗೆ ಕಾದಿದ್ದರೆ ಹಳೆಯ ನಡುದಾರಿಯೇ ಸಿಗುತ್ತಿತ್ತೇನೋ. ಆದರೆ ತೀರ್ಪಿನ ಮೇಲೆ ಮೇಲ್ಮನವಿ, ಅದರ ಮೇಲೆ ಇನ್ನೊಂದು. ಕುರಿಗೆ ಎಂಬತ್ತು ಹೆಜ್ಜೆ ದೊಡ್ಡದಲ್ಲ. ನನಗೆ ಇನ್ನೂ ಎಂಟು ವರ್ಷ ದೊಡ್ಡದು. ಒಪ್ಪಿದೆ. ನಾನು ಅವರ ಕೈ ಹಿಡಿದದ್ದು ಅದೇ ಮೊದಲು, ಅದೇ ಕೊನೆ.

ರಾಜಿ ಅರ್ಜಿ ಬರೆಯುವಾಗ ಗೌಡರು ಒಂದು ಕಲಮು ಸೇರಿಸಲು ಹಟ ಹಿಡಿದರು: ಹಾಯುವಾಗ ಒಂದು ಹಿಕ್ಕೆಯೂ ಬೀಳಬಾರದು.

‘ಕುರಿಗೆ ಯಾರ್ರೀ ಹೇಳಬೇಕು?’ ಎಂದರು ನಮ್ಮ ವಕೀಲರು.

‘ಕೋರ್ಟಿಗೆ ಎಳಕೊಂಡು ಬಂದವನೇ ಹೇಳಲಿ. ಇವನ ಗೊಬ್ಬರ ನನಗ ಬ್ಯಾಡ.’

ಅವರ ವಕೀಲನೇ ಕೈಮುಗಿದು ಅದನ್ನು ಬಿಡಿಸಿದ. ಮೋಜಣಿದಾರ ಬಂದು ಸರಪಳಿ ಹಿಡಿದು ಅಳೆದ, ಎರಡೂ ಬದಿಗೆ ಕಲ್ಲು ನೆಡಿಸಿದ. ಡಿಕ್ರಿಗೆ ನಕ್ಷೆ ಅಂಟಿಸಿ, ಬಂಡಿ, ದನ, ಕುರಿ, ಮನುಷ್ಯ, ಎಲ್ಲಾ ಕಾಲದಲ್ಲೂ ಎಂದು ಬರೆಸಿದೆವು. ಮೊದಲ ದಿನ ಹಿಂಡು ಹೊಡೆದಾಗ ಗೌಡರು ಬದುವಿನ ಮೇಲೆ ಕೂತು ಬೀಡಿ ಸೇದುತ್ತಿದ್ದರು. ನನ್ನ ನಾಲಗೆ ರೂಢಿಯಂತೆ ‘ಹಾಯ್ತೀವ್ರಿ’ ಎನ್ನಲು ಎದ್ದಿತು. ತಡೆದೆ. ಅವರೂ ಅದಕ್ಕೇ ಕಾಯುತ್ತಿದ್ದರೆಂದು ಕಣ್ಣಿನಲ್ಲೇ ತಿಳಿಯಿತು. ಸುಗ್ಗಿ ಮುಗಿದ ಮೇಲೆ ಅವರ ಗದ್ದೆಗೆ ಮಲ್ಲಟದ ಕಡೆಯಿಂದ ಬಂಡಿಗಟ್ಟಲೆ ಗೊಬ್ಬರ ದುಡ್ಡಿಗೆ ಬರುತ್ತಿತ್ತು, ನನ್ನ ಹಿಂಡಿನ ಪಕ್ಕದಲ್ಲೇ.

ಈಗ ನಿಮಗೆ ನಾಲ್ಕು ಮಾತು. ಹೊಲ ಕೊಳ್ಳುವಾಗ ಮಣ್ಣು ನೋಡುವ ಮುಂಚೆ ದಾರಿ ನೋಡಿ; ದಾರಿ ನೋಡಿದ ಮೇಲೆ ಅದು ಪತ್ರದಲ್ಲಿದೆಯೇ ನೋಡಿ, ಇಲ್ಲದಿದ್ದರೆ ಬರೆಸದೆ ಹೆಬ್ಬೆಟ್ಟು ಒತ್ತಬೇಡಿ. ನಿಮ್ಮ ಪತ್ರವಷ್ಟೇ ಅಲ್ಲ, ಪಕ್ಕದವನ ಹಳೆಯ ಪತ್ರದ ಚಕ್ಕುಬಂದಿಯನ್ನೂ ತೆಗೆಸಿ ಓದಿಸಿ. ನಿಮ್ಮ ಹಕ್ಕು ಒಮ್ಮೊಮ್ಮೆ ಅವನ ಕಾಗದದಲ್ಲಿ ಕೂತಿರುತ್ತದೆ. ಮಾರುವವನನ್ನು ಹಿಂಡಿ ಚೌಕಾಶಿ ಮಾಡಿ, ತಪ್ಪಿಲ್ಲ, ಆದರೆ ಅವನಿಗೆ ಆಡಿದ ಮಾತನ್ನು ಮಾತ್ರ ಮುರಿಯಬೇಡಿ. ನಾಳೆ ನಿಮ್ಮ ಸಾಕ್ಷಿ ಅವನೇ. ನಿಮ್ಮದು ಹಕ್ಕೋ ಇನ್ನೊಬ್ಬನ ದಯೆಯೋ ಎಂದು ತಿಳಿಯುವ ತನಕ ಯಾರನ್ನೂ ಕೇಳಲು ಹೋಗಬೇಡಿ, ಏನನ್ನೂ ಕೊಡಲು ಹೋಗಬೇಡಿ. ಇನ್ನು ನಿಮ್ಮ ಹೊಲದಲ್ಲೇ ಯಾರಾದರೂ ಹಾಯುತ್ತಿದ್ದರೆ, ಬಿಡುವ ಮನಸ್ಸಿಲ್ಲದಿದ್ದರೆ ಇಂದೇ ಹೇಳಿ, ಬಿಡುವ ಮನಸ್ಸಿದ್ದರೆ ಇಂದೇ ಬರೆದುಕೊಡಿ. ಅವನ ಕುರಿ ಒಳಗೆ ಬಾಯಾರಿ ನಿಂತ ದಿನದವರೆಗೆ ಮಾತ್ರ ಕಾಯಬೇಡಿ.